ಮೊದಲ ಉಂಡೆ ನೂಲು: ಹೆಣಿಗೆ ಕಲಿಯುವವರು ಏನು ಕೊಳ್ಳಬೇಕು, ಏಕೆ?

ಉತ್ಸಾಹದಿಂದ ಹೆಣಿಗೆ ಕಲಿಯಲು ಹೊರಟು, ಒಂದೆರಡು ವಾರಗಳಲ್ಲೇ ಕಡ್ಡಿಗಳನ್ನು ಅಟ್ಟಕ್ಕೆ ಸೇರಿಸಿದವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ವಿಚಾರಿಸಿದರೆ ‘ನನಗೆ ಅಷ್ಟು ತಾಳ್ಮೆ ಇಲ್ಲ’, ‘ನನ್ನ ಕೈಗೆ ಅದು ಒಗ್ಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅವರು ಯಾವ ನೂಲು ಹಿಡಿದು ಕುಳಿತಿದ್ದರು ಎಂದು ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಕಡು ನೀಲಿ ಬಣ್ಣದ, ಮೈತುಂಬ ಜುಂಗು ಎದ್ದ ನೂಲು. ಅಂಗಡಿಯಲ್ಲಿ ಮುಟ್ಟಿದಾಗ ಮೆತ್ತಗಿತ್ತು ಎಂದು ಕೊಂಡದ್ದು. ಅದರಲ್ಲಿ ಒಂದು ಕುಣಿಕೆ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಎಂಬುದು ವರ್ಷಗಟ್ಟಲೆ ಹೆಣೆದವರಿಗೂ ಸುಲಭವಾಗಿ ತಿಳಿಯುವುದಿಲ್ಲ. ಹೊಸಬರ ಪಾಡು ಕತ್ತಲೆಯಲ್ಲಿ ಅಕ್ಷರ ತಿದ್ದಿದ ಹಾಗೆ.

ಇಂಥವರಲ್ಲಿ ಹೆಚ್ಚಿನವರ ಕೈ ಸರಿಯಾಗಿಯೇ ಇತ್ತು, ನೂಲು ಸರಿ ಇರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೊದಲ ನೂಲನ್ನು ಆರಿಸುವಾಗ ಎರಡೇ ಪ್ರಶ್ನೆ ಸಾಕು. ನಾನು ಹಾಕಿದ ಪ್ರತಿ ಕುಣಿಕೆಯೂ ನನ್ನ ಕಣ್ಣಿಗೆ ಕಾಣುತ್ತದೆಯೇ? ತಪ್ಪಿದಾಗ ಬಿಚ್ಚಿ, ಅದೇ ನೂಲಿನಲ್ಲಿ ಮತ್ತೆ ಹೆಣೆಯಬಹುದೇ? ನಾರು, ದಪ್ಪ, ಬಣ್ಣ, ಲೇಬಲ್ಲು ಎಂದು ಮುಂದೆ ಬರುವುದೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿಗಳು.

ಕಡ್ಡಿಯ ಹೆಣಿಗೆ, ಕ್ರೋಶಾ: ನೂಲಿನಿಂದ ಬಯಸುವುದು ಬೇರೆ ಬೇರೆ

ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತವಾಗಿ ಕೂತಿರುತ್ತವೆ. ಹೊಸ ಸಾಲು ಹೆಣೆಯುವುದೆಂದರೆ ಪ್ರತಿ ಹಳೆಯ ಕುಣಿಕೆಯೊಳಗಿಂದ ಹೊಸದೊಂದನ್ನು ಎಳೆದು ತರುವುದು. ಒಂದು ಕುಣಿಕೆ ಜಾರಿ ಬಿದ್ದರೆ ಅದು ಕೆಳಗಿನ ಸಾಲಿನಿಂದಲೂ ಬಿಚ್ಚಿಕೊಳ್ಳುತ್ತಾ ಏಣಿಯಂಥ ಗೆರೆ ಮೂಡಿಸುತ್ತದೆ. ಆದ್ದರಿಂದ ಕಡ್ಡಿಯ ಹೆಣಿಗೆಗೆ ತುಸು ಹಿಗ್ಗಿ ಮತ್ತೆ ಕುಗ್ಗುವ, ಕಡ್ಡಿಯನ್ನು ಹಿಡಿದುಕೊಳ್ಳುವ ನೂಲು ಬೇಕು. ಹಿಗ್ಗದ ನೂಲಿನಲ್ಲಿ ಹೊಸಬರು ಬಿಗಿಯಾಗಿ ಹೆಣೆದುಬಿಟ್ಟರೆ ಕಡ್ಡಿಯ ತುದಿ ಕುಣಿಕೆಯೊಳಗೆ ನುಗ್ಗುವುದೇ ಇಲ್ಲ. ಬೆರಳು, ಮಣಿಕಟ್ಟು ಎರಡೂ ನೋಯುತ್ತವೆ.

ಒಂದೇ ಕೊಕ್ಕೆಯಿಂದ ಹೆಣೆಯುವ ಕ್ರೋಶಾದಲ್ಲಿ ಒಂದು ಸಮಯಕ್ಕೆ ಸಾಮಾನ್ಯವಾಗಿ ಒಂದೇ ಕುಣಿಕೆ ಜೀವಂತ. ಉಳಿದವೆಲ್ಲ ಗಂಟಿನಂತೆ ಮುಗಿದು ನಿಂತಿರುತ್ತವೆ; ಹೀಗೆ ಮುಗಿದದ್ದನ್ನು ಹೊಲಿಗೆ ಎನ್ನುತ್ತಾರೆ. ಅಲ್ಲಿ ಜಾರುವ ಭಯ ಕಡಿಮೆ, ಆದರೆ ಕೊಕ್ಕೆಯನ್ನು ಎಲ್ಲಿ ತೂರಿಸಬೇಕು ಎಂಬುದು ದೊಡ್ಡ ಪ್ರಶ್ನೆ. ಮುಗಿದ ಸಾಲಿನ ಅಂಚನ್ನು ಮೇಲಿನಿಂದ ನೋಡಿ: ಪ್ರತಿ ಹೊಲಿಗೆಯ ತಲೆಯ ಮೇಲೆ ಎರಡು ಎಳೆಗಳು ಒಂದು ತುದಿಯಲ್ಲಿ ಕೂಡಿ ಇನ್ನೊಂದು ತುದಿಯಲ್ಲಿ ಅಗಲವಾಗಿ, ಬಾಣದ ತುದಿಯ ಆಕಾರದಲ್ಲಿ ಮಲಗಿರುತ್ತವೆ. ಕೊಕ್ಕೆ ಆ ಎರಡೂ ಎಳೆಗಳ ಕೆಳಗೆ ಹೋಗಬೇಕು. ನೂಲು ನಯವಾಗಿದ್ದರೆ ಈ ಬಾಣಗಳ ಸಾಲು ಅಚ್ಚೊತ್ತಿದಂತೆ ಕಾಣುತ್ತದೆ. ಜುಂಗಿನ ನೂಲಾದರೆ ಬೆರಳಿನಿಂದ ತಡಕಬೇಕಾಗುತ್ತದೆ. ಹಾಗೆ ತಡಕುವಾಗ ಸಾಲಿನ ಕೊನೆಯ ಹೊಲಿಗೆ ತಪ್ಪಿ, ಚೌಕವಾಗಬೇಕಿದ್ದದ್ದು ಮೆಲ್ಲಗೆ ತ್ರಿಕೋನವಾಗುತ್ತದೆ. ಕ್ರೋಶಾ ಕಲಿಯುವವರೆಲ್ಲ ದೂರುವ ಈ ‘ಅಂಚು ಒಳಗೆ ಹೋಗುವ’ ಸಮಸ್ಯೆ ನಯವಾದ ನೂಲಿನಲ್ಲಿ ಅರ್ಧಕ್ಕರ್ಧ ಕಡಿಮೆಯಾಗುವುದನ್ನು ಕಂಡಿದ್ದೇನೆ. ಕ್ರೋಶಾಕ್ಕೆ ಹಿಗ್ಗುವ ಗುಣ ಅಷ್ಟೇನೂ ಮುಖ್ಯವಲ್ಲದ ಕಾರಣ ಹತ್ತಿಯ ನೂಲೂ ಚೆನ್ನಾಗಿ ಒಪ್ಪುತ್ತದೆ. ಒಂದೇ ಅಳತೆಯ ಬಟ್ಟೆಗೆ ಕಡ್ಡಿಗಿಂತ ಕ್ರೋಶಾ ಹೆಚ್ಚು ನೂಲು ತಿನ್ನುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ನಾರಿನ ವಿಚಾರ

ನಮ್ಮ ಊರುಗಳ ಫ್ಯಾನ್ಸಿ ಸ್ಟೋರುಗಳಲ್ಲಿ, ಟೈಲರಿಂಗ್ ಸಾಮಗ್ರಿಯ ಅಂಗಡಿಗಳಲ್ಲಿ ‘ಉಲ್ಲನ್ ಕೊಡಿ’ ಎಂದರೆ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ತೆಗೆದ ಕೃತಕ ನಾರು ಅದು. ಅಮೆರಿಕದ ಡ್ಯುಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ನಮ್ಮಲ್ಲಿ ಕೈಹೆಣಿಗೆಯ ನೂಲಿಗೆ ಪಂಜಾಬಿನ ಲೂಧಿಯಾನವೇ ದೊಡ್ಡ ಕೇಂದ್ರ. ಅಂಗಡಿಗಳಲ್ಲಿ ಕಾಣುವ ವರ್ಧಮಾನ್, ಓಸ್ವಾಲ್, ಗಂಗಾ ಹೆಸರುಗಳೆಲ್ಲ ಅಲ್ಲಿಯವೇ.

ಅಕ್ರಿಲಿಕ್ ಎಂದರೆ ಮೂಗು ಮುರಿಯುವವರಿದ್ದಾರೆ. ಕಲಿಯುವವರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ. ಬೆಲೆ ಕಡಿಮೆ, ಎಲ್ಲ ಊರಿನಲ್ಲೂ ಸಿಗುತ್ತದೆ, ತುಸು ಹಿಗ್ಗುತ್ತದೆ, ಹಲವು ಸಲ ಬಿಚ್ಚಿದರೂ ತಡೆದುಕೊಳ್ಳುತ್ತದೆ, ಒಗೆದರೆ ಕುಗ್ಗುವುದಿಲ್ಲ, ಬೇಗ ಒಣಗುತ್ತದೆ. ಬೆಲೆ ಕಡಿಮೆ ಎನ್ನುವುದು ಸಣ್ಣ ಮಾತಲ್ಲ. ದುಬಾರಿ ನೂಲು ಹಿಡಿದವರು ಹಾಳಾದೀತೆಂದು ಹೆದರಿ ಬಿಗಿಯಾಗಿ ಹೆಣೆಯುತ್ತಾರೆ. ಕಲಿಕೆಗೆ ಧಾರಾಳವಾಗಿ ಬಿಚ್ಚುವ ಧೈರ್ಯ ಬೇಕು. ಅದರ ಕುಂದುಗಳೂ ನಿಜ. ಅಕ್ರಿಲಿಕ್ ಬೆವರು ಹೀರುವುದಿಲ್ಲ, ತಿಕ್ಕಾಟದಲ್ಲಿ ಮೈಮೇಲೆ ಸಣ್ಣ ಗುಂಡುಗಳೇಳುತ್ತವೆ, ಬಿಸಿ ತಾಗಿದರೆ ಕರಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಒಮ್ಮೆ ಒತ್ತಿದರೆ ಸಾಕು, ಪುಟಿಯುವ ಗುಣ ಹೋಗಿ ಬಟ್ಟೆ ಜೋಲುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಮೇಜಿನ ಮೇಲೆ ಕುಕ್ಕರ್ ಇಡುವ ಚಾಪೆ ಇವುಗಳನ್ನು ಅಕ್ರಿಲಿಕ್ಕಿನಲ್ಲಿ ಎಂದೂ ಮಾಡಬಾರದು. ಕರಗಿದ ನಾರು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ನಿಜವಾದ ಉಣ್ಣೆಯ ಸ್ವಭಾವವೇ ಬೇರೆ. ಅದರ ಎಳೆ ಹುಟ್ಟಿನಿಂದಲೇ ಸುರುಳಿ ಸುರುಳಿ. ಎಳೆದರೆ ಬಂದು, ಬಿಟ್ಟರೆ ತನ್ನ ಜಾಗಕ್ಕೆ ಮರಳುತ್ತದೆ. ಹೊಸಬರ ಕೈಯ ಹೆಚ್ಚುಕಡಿಮೆಯನ್ನು ಇಷ್ಟು ಚೆನ್ನಾಗಿ ಮುಚ್ಚಿಕೊಳ್ಳುವ ನಾರು ಇನ್ನೊಂದಿಲ್ಲ: ಒಗೆದು ಹರಡಿ ಒಣಗಿಸಿದರೆ ಬಿಗಿ ಕುಣಿಕೆ, ಸಡಿಲ ಕುಣಿಕೆಗಳೆಲ್ಲ ಹೊಂದಿಕೊಂಡು ಸಮವಾಗುತ್ತವೆ. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಉಣ್ಣೆ ಮುಟ್ಟಲು ಒದ್ದೆ ಎನಿಸುವುದಿಲ್ಲ. ಆದರೆ ಎಳೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪನೆಯ ತಟ್ಟಿನಂತಾಗುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕಿದ ಉಣ್ಣೆಯ ಸ್ವೆಟರ್ ಗೊಂಬೆಯ ಅಳತೆಗೆ ಬರುವುದು ಹೀಗೆ. ಲೇಬಲ್ಲಿನಲ್ಲಿ ‘ಸೂಪರ್‌ವಾಷ್’ ಎಂದಿದ್ದರೆ ಆ ಪೊರೆಗಳು ಕೊಂಡಿಯಾಗದಂತೆ ಸಂಸ್ಕರಿಸಿದ ಉಣ್ಣೆ ಎಂದರ್ಥ.

ಉಣ್ಣೆ ಚುಚ್ಚುತ್ತದೆಯೋ ಇಲ್ಲವೋ ಎಂಬುದನ್ನು ಎಳೆಯ ದಪ್ಪ ನಿರ್ಧರಿಸುತ್ತದೆ. 30 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪನೆಯ ಎಳೆಯ ತುದಿ ಬಾಗದೆ ಚರ್ಮಕ್ಕೆ ನಾಟುತ್ತದೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಸಣ್ಣ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕುರುಬ ಸಮುದಾಯದವರು ನೇಯ್ದ ಚಳ್ಳಕೆರೆಯ ಕಂಬಳಿ ಮಳೆ, ಚಳಿ, ಬಯಲು ಮೂರಕ್ಕೂ ಎದೆಗೊಟ್ಟು ನಿಲ್ಲುವುದಕ್ಕೆ ಆ ಒರಟುತನವೇ ಕಾರಣ. ಅದು ಮಗ್ಗಕ್ಕೆ ಹೇಳಿಮಾಡಿಸಿದ ಉಣ್ಣೆ. ಅದೇ ನೂಲನ್ನು ಕತ್ತಿಗೆ ಸುತ್ತುವ ಮಫ್ಲರಿಗೆ ಬಳಸಿದರೆ ಕಂಬಳಿಗೂ ಕತ್ತಿಗೂ ಅನ್ಯಾಯ ಮಾಡಿದಂತೆ.

ಹತ್ತಿ ನಮ್ಮ ಹವೆಗೆ ಸ್ವಂತ ನಂಟಿನದು. ಬೆವರು ಹೀರುತ್ತದೆ, ಚುಚ್ಚುವುದಿಲ್ಲ, ಬಿಸಿ ತಡೆಯುತ್ತದೆ, ಹೊಲಿಗೆ ಕೆತ್ತಿದಂತೆ ಕಾಣುತ್ತದೆ. ಕುಂದು ಎಂದರೆ ಹಿಗ್ಗುವುದಿಲ್ಲ, ಭಾರ ಹೆಚ್ಚು. ಹತ್ತಿ ನೂಲಿನ ಸ್ವೆಟರ್ ತನ್ನ ಭಾರಕ್ಕೆ ತಾನೇ ಇಳಿದು ಕೆಲವು ತಿಂಗಳಲ್ಲಿ ಮೊಣಕಾಲ ಕಡೆಗೆ ಹೊರಡುತ್ತದೆ. ಕ್ರೋಶಾ ಕಲಿಯುವವರು ಹತ್ತಿಯಿಂದಲೇ ಶುರುಮಾಡಬಹುದು. ಕಡ್ಡಿ ಹಿಡಿಯುವವರು ಎರಡನೆಯ ಕೆಲಸಕ್ಕೆ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಮಂಕಾದ ಹತ್ತಿ, ಹೊಳೆಯುವ ಹತ್ತಿ ಎಂದು ಎರಡು ಬಗೆ ಕಾಣುತ್ತವೆ. ಹೊಳೆಯುವುದನ್ನು ಮರ್ಸರೈಸ್ಡ್ ಎನ್ನುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಷೈರಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ಎಳೆ ಉಬ್ಬಿ, ಗಟ್ಟಿಯಾಗಿ, ಬಣ್ಣವನ್ನು ಚೆನ್ನಾಗಿ ಹಿಡಿಯುವುದನ್ನು ಕಂಡುಕೊಂಡರು. ಸುಮಾರು 1890ರಲ್ಲಿ ಹೊರೇಸ್ ಲೋ ಅದೇ ಕೆಲಸವನ್ನು ನೂಲನ್ನು ಎಳೆದು ಬಿಗಿಹಿಡಿದು ಮಾಡಿದಾಗ ಹೊಳಪೂ ಬಂತು. ಹೊಳಪಿನ ನೂಲು ಕೊಕ್ಕೆಯಲ್ಲಿ ಸಲೀಸಾಗಿ ಜಾರುತ್ತದೆ, ಆದರೆ ಪಾತ್ರೆ ಒರೆಸುವ, ನೀರು ಹೀರಬೇಕಾದ ಬಟ್ಟೆಗೆ ಮಂಕು ಹತ್ತಿಯೇ ಮೇಲು.

ಈಗ ಗೊಂಬೆ ಹೆಣೆಯುವವರು ಹೆಚ್ಚಾಗಿ ಕೇಳುವ ‘ಮಿಲ್ಕ್ ಕಾಟನ್’ ಬಹಳಷ್ಟು ಸಲ ಹತ್ತಿ ಮತ್ತು ಅಕ್ರಿಲಿಕ್‌ನ ಮಿಶ್ರಣ. ಮೆತ್ತಗೆ, ಬಣ್ಣಬಣ್ಣವಾಗಿ, ಒಳ್ಳೆಯದಾಗಿಯೇ ಇರುತ್ತದೆ. ಹೆಸರಿಗಿಂತ ಲೇಬಲ್ಲಿನ ಶೇಕಡಾವಾರನ್ನು ನಂಬಿ. ಟೀ ಶರ್ಟ್ ನೂಲು ಎಂದರೆ ಹೊಸೈರಿ ಕಾರ್ಖಾನೆಗಳಲ್ಲಿ ಉಳಿದ ಬಟ್ಟೆಯ ಪಟ್ಟಿ. ಬುಟ್ಟಿ, ಚಾಪೆಗೆ ಸರಿ, ಆದರೆ ಭಾರಕ್ಕೆ ಮಣಿಕಟ್ಟು ಸೋಲುತ್ತದೆ. ರೇಷ್ಮೆ ಜಾರುತ್ತದೆ, ಆಡಿನ ಕೂದಲಿನ ಮೊಹೇರ್ ಬಿಚ್ಚಲು ಬರುವುದಿಲ್ಲ, ಮಖಮಲ್ಲಿನಂಥ ವೆಲ್ವೆಟ್ ನೂಲಿನಲ್ಲಿ ಹೊಲಿಗೆಯೇ ಕಾಣುವುದಿಲ್ಲ. ಇವು ಮೂರನ್ನೂ ಈ ವರ್ಷಕ್ಕೆ ಮರೆತುಬಿಡಿ.

ಲೇಬಲ್ಲಿಲ್ಲದ ನೂಲು ಸಿಕ್ಕರೆ, ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಉಂಡೆ ಸಿಕ್ಕರೆ, ನಾರನ್ನು ತಿಳಿಯಲು ಸುಟ್ಟು ನೋಡುವ ಹಳೆಯ ವಿಧಾನವಿದೆ. ಬೆರಳುದ್ದದ ತುಂಡನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಪಕ್ಕದಲ್ಲಿ ನೀರಿಟ್ಟುಕೊಂಡು ತುದಿಗೆ ಬೆಂಕಿ ಸೋಕಿಸಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಜ್ವಾಲೆಯಿಂದ ಈಚೆ ತಂದ ಕೂಡಲೇ ತಾನಾಗಿ ಆರುತ್ತದೆ. ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿ. ಹತ್ತಿಯಾದರೆ ಕಾಗದದಂತೆ ಸರಸರನೆ ಉರಿದು ಮೆತ್ತನೆಯ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗುತ್ತಾ ಕಪ್ಪು ಹೊಗೆ ಬಿಡುತ್ತಾ ಉರಿದು, ಆರಿದ ಮೇಲೆ ಗಟ್ಟಿ ಕಪ್ಪು ಮಣಿಯಾಗುತ್ತದೆ; ಅದನ್ನು ಬೆರಳಲ್ಲಿ ಒಡೆಯಲಾಗದು. ಮಿಶ್ರಣವಾದರೆ ಎರಡೂ ಲಕ್ಷಣ ಕಲೆತು ಕಾಣುತ್ತವೆ.

ಹುರಿ ಮತ್ತು ಬಣ್ಣ

ಹೊಸಬರು ಸಾಮಾನ್ಯವಾಗಿ ಗಮನಿಸದ ಸಂಗತಿ ನೂಲಿನ ಹುರಿ. ಹಲವು ಎಳೆಗಳನ್ನು ಕೂಡಿಸಿ ಹೊಸೆದು ನೂಲಾಗಿರುತ್ತದೆ. ಹುರಿ ಸಡಿಲವಾಗಿದ್ದರೆ ಕಡ್ಡಿಯ ಚೂಪು ತುದಿ ಇಡೀ ನೂಲನ್ನು ಹಿಡಿಯದೆ ಎಳೆಗಳ ನಡುವೆ ತೂರುತ್ತದೆ: ಮೂರು ಎಳೆ ಕುಣಿಕೆಯೊಳಗೆ, ಒಂದು ಎಳೆ ಹೊರಗೆ. ಎರಡು ಸಾಲು ಮುಂದೆ ಹೋದ ಮೇಲೆ ಅಲ್ಲೊಂದು ಸಣ್ಣ ಬಾಲ ಎದ್ದು ಕಾಣುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು. ನೂಲಿನ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಹುರಿಯ ವಿರುದ್ಧ ದಿಕ್ಕಿಗೆ ಒಂದೆರಡು ಸಲ ಹೊಸೆಯಿರಿ. ತಕ್ಷಣ ಎಳೆಗಳು ಹರಡಿಕೊಂಡರೆ ಆ ನೂಲು ಬೇಡ. ದುಂಡಗೆ ಕೂಡಿಯೇ ನಿಂತರೆ ಕಲಿಕೆಗೆ ಹೇಳಿಮಾಡಿಸಿದ್ದು. ಹಾಗೆಯೇ ಒಂದು ಗೇಣು ನೂಲನ್ನು ಮೆಲ್ಲಗೆ ಎಳೆದು ಬಿಡಿ, ಮರಳಿ ಬರುತ್ತದೆಯೇ ನೋಡಿ. ಮೈಗೆ ತಾಗುವ ಉಡುಪಿಗಾದರೆ ಮಣಿಕಟ್ಟಿನ ಒಳಬದಿಗೆ ಉಜ್ಜಿ ನೋಡಿ; ಅಂಗೈ ಒರಟಾದ್ದರಿಂದ ಅದರ ಸಾಕ್ಷ್ಯ ಸಾಲದು.

ಬಣ್ಣದಲ್ಲಿ ನನ್ನ ಮಾತು ಕಟ್ಟುನಿಟ್ಟು: ತಿಳಿಯಾದ, ಒಂದೇ ಬಣ್ಣ. ಕೆನೆ, ತಿಳಿ ಹಳದಿ, ಆಕಾಶನೀಲಿ, ಎಳೆ ಹಸಿರು ಯಾವುದಾದರೂ ಸರಿ. ಕುಣಿಕೆಯನ್ನು ಕಣ್ಣು ಗುರುತಿಸುವುದು ನೆರಳಿನಿಂದ. ಎಳೆಯ ಪಕ್ಕ ಬೀಳುವ ಸಣ್ಣ ನೆರಳು ಕಪ್ಪು, ಕಡು ನೀಲಿ, ಕಂದುಗಳಲ್ಲಿ ಕಾಣುವುದಿಲ್ಲ. ಸಂಜೆ ಕೆಲಸ ಮುಗಿಸಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೆಣೆಯುವವರಿಗಂತೂ ಇದು ದೊಡ್ಡ ವ್ಯತ್ಯಾಸ. ಅಚ್ಚ ಬಿಳಿ ಕೈಯ ಬೆವರಿಗೆ ಬೇಗ ಮಾಸುತ್ತದೆ. ಒಂದೇ ಉಂಡೆಯಲ್ಲಿ ನಾಲ್ಕೈದು ಬಣ್ಣ ಬದಲಾಗುವ ನೂಲು ಕಣ್ಣಿಗೆ ಹಬ್ಬ, ನಿಜ. ಆದರೆ ಬಣ್ಣ ಬದಲಾಗುವ ಜಾಗವೂ ಕುಣಿಕೆ ಮುಗಿಯುವ ಜಾಗವೂ ಬೇರೆ ಬೇರೆಯಾಗಿ ಎಣಿಕೆ ಗಲಿಬಿಲಿಯಾಗುತ್ತದೆ.

ದಪ್ಪ, ನಂಬರು, ಗೊಂದಲ

ನೂಲಿನ ದಪ್ಪದ ಲೆಕ್ಕ ದೇಶಕ್ಕೊಂದು ರೀತಿ ಇದೆ. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ 0ರಿಂದ 7ರವರೆಗೆ ಅಂಕ ಕೊಟ್ಟಿದೆ: 0 ಜೇಡನ ಬಲೆಯಂಥ ಸಣ್ಣ ನೂಲು, 7 ಹೆಬ್ಬೆರಳ ದಪ್ಪದ್ದು. ಲೇಬಲ್ಲಿನಲ್ಲಿ ನೂಲಿನ ಲಡಿಯ ಚಿತ್ರದೊಳಗೆ ಈ ಅಂಕ ಇದ್ದರೆ ಕೆಲಸ ಸುಲಭ. ಕಲಿಯುವವರು 3 ಅಥವಾ 4 ಆರಿಸಬೇಕು. 3ನ್ನು ಡಿ.ಕೆ. (ಡಬಲ್ ನಿಟಿಂಗ್) ಎಂದೂ 4ನ್ನು ವರ್ಸ್ಟೆಡ್ ಎಂದೂ ಕರೆಯುತ್ತಾರೆ. 3ಕ್ಕೆ ಸುಮಾರು 4 ಮಿ.ಮೀ. ಕಡ್ಡಿ, 4ಕ್ಕೆ ಸುಮಾರು 5 ಮಿ.ಮೀ. ಕಡ್ಡಿ. ಕ್ರೋಶಾಕ್ಕಾದರೆ ಅರ್ಧ ಅಥವಾ ಒಂದು ಮಿ.ಮೀ. ದೊಡ್ಡದು. ತೀರಾ ಸಣ್ಣ ನೂಲಿನಲ್ಲಿ ಒಂದು ಅಂಗುಲ ಬೆಳೆಯಲು ಗಂಟೆಗಟ್ಟಲೆ ಹಿಡಿದು ಬೇಸರ ಬರುತ್ತದೆ. ತೀರಾ ದಪ್ಪದ ನೂಲಿಗೆ ಬೇಕಾಗುವ ದೊಣ್ಣೆಯಂಥ ಕಡ್ಡಿಗಳನ್ನು ಹೊಸ ಕೈ ಆಡಿಸಲಾರದು.

‘ಪ್ಲೈ’ ಎಂಬುದೇ ಹೆಚ್ಚು ದಾರಿ ತಪ್ಪಿಸುವ ಲೆಕ್ಕ. ಪ್ಲೈ ಎಂದರೆ ಎಳೆ. ನಾಲ್ಕು ಸಣ್ಣ ಎಳೆ ಹೊಸೆದ ನೂಲಿಗಿಂತ ಎರಡು ದಪ್ಪ ಎಳೆ ಹೊಸೆದದ್ದು ದಪ್ಪವಾಗಿರಬಹುದು. ಬ್ರಿಟನ್ನಿನಲ್ಲಿ ‘4 ಪ್ಲೈ’ ಎಂಬುದು ಒಂದು ನಿರ್ದಿಷ್ಟ ಸಣ್ಣ ದಪ್ಪದ ಹೆಸರೇ ಆಗಿದೆ, ಆಸ್ಟ್ರೇಲಿಯಾದಲ್ಲಿ ಡಿ.ಕೆ.ಯನ್ನು ‘8 ಪ್ಲೈ’ ಎನ್ನುತ್ತಾರೆ. ಇಲ್ಲಿನ ಮಾರಾಟಗಾರರು ಬರೆಯುವ ‘4 ಪ್ಲೈ’ ಎಷ್ಟೋ ಸಲ ಎಳೆಗಳ ಎಣಿಕೆ ಮಾತ್ರ. ವಿದೇಶದ ಹೆಣಿಗೆ ಮಾದರಿಯೊಂದರಲ್ಲಿ (ಪ್ಯಾಟರ್ನ್‌ನಲ್ಲಿ) 4 ಪ್ಲೈ ಎಂದು ಓದಿ, ಇಲ್ಲಿ 4 ಪ್ಲೈ ಕೊಂಡರೆ ಎರಡೂ ಒಂದೇ ಆಗಬೇಕೆಂದೇನೂ ಇಲ್ಲ.

ಈ ಗೊಂದಲಕ್ಕೆ ಸ್ಕೇಲ್ ಒಂದೇ ಮದ್ದು. ನೂಲನ್ನು ಸ್ಕೇಲಿಗೆ ಅಡ್ಡಲಾಗಿ, ಎಳೆಯದೆ, ಒಂದರ ಪಕ್ಕ ಒಂದು ತಾಗುವಂತೆ ಒಂದು ಅಂಗುಲದಷ್ಟು ಸುತ್ತಿ ಎಣಿಸಿ. 11ರಿಂದ 15 ಸುತ್ತು ಹಿಡಿದರೆ ಅದು 3ನೇ ವರ್ಗದ ನೂಲು. 9ರಿಂದ 12 ಹಿಡಿದರೆ 4ನೆಯದು. ನಡುವೆ ಬಂದರೆ ಎರಡರಲ್ಲಿ ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಎರಡೂ ಕಲಿಕೆಗೆ ಸರಿ.

ಕಡ್ಡಿಯ ನಂಬರಿನಲ್ಲೂ ಇಂಥದೇ ಬಲೆ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರು ಇನ್ನೂ ಬಳಕೆಯಲ್ಲಿದೆ. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8ನೇ ನಂಬರು 4 ಮಿ.ಮೀ., 10ನೇ ನಂಬರು 3.25 ಮಿ.ಮೀ., 12ನೇ ನಂಬರು 2.75 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತದ್ವಿರುದ್ಧ: ನಂಬರು ಹೆಚ್ಚಿದಷ್ಟೂ ಕಡ್ಡಿ ದಪ್ಪ, ಅಲ್ಲಿನ 8ನೇ ನಂಬರು 5 ಮಿ.ಮೀ. ಯೂಟ್ಯೂಬಿನಲ್ಲಿ ಅಮೆರಿಕದವರೊಬ್ಬರು ‘8ನೇ ನಂಬರು ತೆಗೆದುಕೊಳ್ಳಿ’ ಎಂದದ್ದನ್ನು ಕೇಳಿ ಇಲ್ಲಿನ ಅಂಗಡಿಯಲ್ಲಿ ಅದನ್ನೇ ಹೇಳಿದರೆ ಒಂದು ಮಿ.ಮೀ. ವ್ಯತ್ಯಾಸವಾಗುತ್ತದೆ, ಟೋಪಿ ತಲೆಗೆ ಹತ್ತದಿರಲು ಅಷ್ಟು ಸಾಕು. ಮಿ.ಮೀ. ಲೆಕ್ಕದಲ್ಲೇ ಕೇಳಿ, ಕಡ್ಡಿಯ ಮೇಲೆ ಮುದ್ರಿಸಿದ್ದನ್ನು ಓದಿ ಕೊಳ್ಳಿ. ಕ್ರೋಶಾದ ಹೊಲಿಗೆಗಳ ಹೆಸರುಗಳಲ್ಲೂ ಬ್ರಿಟನ್, ಅಮೆರಿಕ ಬೇರೆ ಬೇರೆ: ಅಮೆರಿಕದವರ ಸಿಂಗಲ್ ಕ್ರೋಶೆ ಬ್ರಿಟಿಷರಿಗೆ ಡಬಲ್ ಕ್ರೋಶೆ. ಮಾದರಿ ಯಾವ ದೇಶದ್ದೆಂದು ಮೊದಲೇ ನೋಡಿಕೊಳ್ಳಬೇಕು.

ಕ್ರೋಶಾದ ಸಣ್ಣ ಹತ್ತಿ ದಾರಕ್ಕೆ 10, 20, 40 ಎಂಬ ನಂಬರುಗಳಿವೆ. ಅಲ್ಲಿಯೂ ನಂಬರು ಏರಿದಷ್ಟು ದಾರ ಸಣ್ಣ. ಹಳೆಯ ಮನೆಗಳ ಮೇಜಿನ ಹೊದಿಕೆ, ಬಾಗಿಲ ತೋರಣ, ಆಂಧ್ರದ ನರಸಾಪುರದ ಹೆಸರಾಂತ ಲೇಸು ಎಲ್ಲವೂ ಇಂಥ ಸಣ್ಣ ದಾರದ ಕೆಲಸ. ನೋಡಿದರೆ ಯಾರಿಗೂ ಆಸೆ ಹುಟ್ಟುತ್ತದೆ. ಆದರೆ ಅಲ್ಲಿಂದ ಆರಂಭಿಸಬೇಡಿ. ದಪ್ಪ ನೂಲಿನಲ್ಲಿ ಕೈ ಕುದುರಿದ ಮೇಲೆ ಅದೇ ಹೊಲಿಗೆಗಳು ಸಣ್ಣ ದಾರದಲ್ಲಿ ತಾವಾಗಿ ಬರುತ್ತವೆ.

ತೂಕವನ್ನಲ್ಲ, ಮೀಟರನ್ನು ನೋಡಿ

ನೂಲನ್ನು ತೂಕಕ್ಕೆ ಮಾರುತ್ತಾರೆ, ನಾವು ಹೆಣೆಯುವುದು ಉದ್ದವನ್ನು. ಒಂದೇ ದಪ್ಪದ 100 ಗ್ರಾಂ ಅಕ್ರಿಲಿಕ್ಕಿನಲ್ಲಿ 100 ಗ್ರಾಂ ಹತ್ತಿಗಿಂತ ಹೆಚ್ಚು ಮೀಟರ್ ಇರುತ್ತದೆ, ಏಕೆಂದರೆ ಹತ್ತಿ ಹೆಚ್ಚು ಸಾಂದ್ರ: ಹತ್ತಿಯ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.5 ಗ್ರಾಂ, ಉಣ್ಣೆಯದು 1.3, ಅಕ್ರಿಲಿಕ್ಕಿನದು 1.2ರ ಆಸುಪಾಸು. ಮಾದರಿಯೊಂದು ‘50 ಗ್ರಾಂ, 120 ಮೀಟರಿನ 4 ಉಂಡೆ’ ಎಂದರೆ ಬೇಕಾದದ್ದು 480 ಮೀಟರ್. ನಿಮಗೆ ಸಿಕ್ಕ ನೂಲು 100 ಗ್ರಾಂಗೆ 200 ಮೀಟರಾದರೆ 2 ಉಂಡೆ ಸಾಲದು, 3 ಬೇಕು. ಡಿ.ಕೆ. ದಪ್ಪದಲ್ಲಿ ಹಸುಗೂಸಿನ ಕುಲಾವಿಗೆ 50 ಗ್ರಾಂ ಸಾಮಾನ್ಯವಾಗಿ ಸಾಕು. ದೊಡ್ಡವರ ಸ್ವೆಟರ್ ಸಾವಿರ ಮೀಟರು ಮೀರುತ್ತದೆ. ಆ ಲೆಕ್ಕ ಕೇಳಿದ ಮೇಲೆ ಮೊದಲ ಕೆಲಸಕ್ಕೆ ಸ್ವೆಟರ್ ಬೇಡ ಎಂದು ಯಾರೂ ಹೇಳಬೇಕಾಗುವುದಿಲ್ಲ.

ಲೇಬಲ್ಲಿನ ಮೇಲೆ ಬಣ್ಣದ ಸಂಖ್ಯೆಯ ಪಕ್ಕದಲ್ಲಿ ಲಾಟ್ ಸಂಖ್ಯೆ ಇರುತ್ತದೆ. ನೂಲಿಗೆ ದೊಡ್ಡ ತೊಟ್ಟಿಗಳಲ್ಲಿ ಬಣ್ಣ ಹಾಕುತ್ತಾರೆ. ಒಂದು ಸಲದ ಬಣ್ಣಕ್ಕೂ ಇನ್ನೊಂದು ಸಲದ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಅಂಗಡಿಯಲ್ಲಿ ಎರಡು ಉಂಡೆಗಳನ್ನು ಜೊತೆಗಿಟ್ಟಾಗ ಕಾಣದ ಆ ವ್ಯತ್ಯಾಸ ಹೆಣೆದ ಬಟ್ಟೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಬೇಕಾದಷ್ಟನ್ನೂ ಒಂದೇ ಲಾಟಿನಲ್ಲಿ ಒಂದೇ ಸಲ ಕೊಳ್ಳಬೇಕು. ನಡುವೆ ಕಡಿಮೆ ಬಿದ್ದು ಬೇರೆ ಲಾಟ್ ತರಬೇಕಾಗಿ ಬಂದರೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಕೆಲವು ಅಂಗುಲ ಬೆರೆಸಿ ಹೆಣೆದರೆ ಗೆರೆ ಮಾಯವಾಗುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಇದನ್ನು ಮಾರಾಟಗಾರರಿಗೆ ಬರೆದು ಕೇಳುವುದು ಒಳ್ಳೆಯದು.

ಕೆಲವು ನೂಲು ಉಂಡೆಯಾಗಿರದೆ ಲಡಿಯಾಗಿ ಬರುತ್ತದೆ. ಲಡಿಯಿಂದ ನೇರವಾಗಿ ಹೆಣೆಯಲು ಹೋದರೆ ಹತ್ತು ನಿಮಿಷದಲ್ಲಿ ಬಿಡಿಸಲಾಗದ ಸಿಕ್ಕು. ಮೊದಲು ತಿರುವನ್ನು ಬಿಡಿಸಿ ದೊಡ್ಡ ಬಳೆಯಂತೆ ತೆರೆದು, ಮನೆಯವರೊಬ್ಬರ ಎರಡು ಕೈಗಳಿಗೋ ಕುರ್ಚಿಯ ಬೆನ್ನಿಗೋ ಹಾಕಿ, ಕಟ್ಟಿದ ದಾರಗಳನ್ನು ಆಮೇಲೆ ಕತ್ತರಿಸಬೇಕು. ಸುತ್ತುವಾಗ ಎರಡು ಬೆರಳುಗಳನ್ನು ಉಂಡೆಯೊಳಗೆ ಇಟ್ಟುಕೊಂಡು ಅವುಗಳ ಮೇಲಿನಿಂದಲೇ ಸುತ್ತಿ, ಆಗಾಗ ಬೆರಳು ತೆಗೆದು ದಿಕ್ಕು ಬದಲಿಸಿ. ಹೀಗೆ ಮಾಡಿದ ಉಂಡೆ ಸಡಿಲವಾಗಿರುತ್ತದೆ. ಬಿಗಿಯಾಗಿ ಸುತ್ತಿದರೆ ನೂಲು ಎಳೆದ ಸ್ಥಿತಿಯಲ್ಲೇ ಉಳಿದು, ಹೆಣೆದ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ.

ಯಾರಿಗೆ, ಯಾವ ಊರಿಗೆ

ನಮ್ಮಲ್ಲಿ ಕಡ್ಡಿ ಹಿಡಿಯುವ ಬಹಳ ಜನರ ಮೊದಲ ಆಸೆ ಹುಟ್ಟಲಿರುವ ಮಗುವಿಗೊಂದು ಕುಲಾವಿ, ಕಾಲುಚೀಲ. ಈ ಆಸೆಗಿಂತ ಒಳ್ಳೆಯ ಪ್ರೇರಣೆ ನನಗೆ ತಿಳಿದಿಲ್ಲ, ಆದ್ದರಿಂದಲೇ ನೂಲನ್ನು ಹೆಚ್ಚು ಎಚ್ಚರದಿಂದ ಆರಿಸಬೇಕು. ಜುಂಗು ಉದುರುವ ನೂಲು ಮಗುವಿನ ಬಾಯಿಗೆ, ಮೂಗಿಗೆ ಹೋಗುತ್ತದೆ. ದೊಡ್ಡ ತೂತಿನ ಹೆಣಿಗೆಗೆ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಎರಡು ಸಲ ಒಗೆಯಬೇಕಾಗುವ ಬಟ್ಟೆಗೆ ಕೈಯಲ್ಲಿ ಮಾತ್ರ ಒಗೆಯಬಹುದಾದ ಉಣ್ಣೆ ಬಾಣಂತಿಯ ಮನೆಯವರಿಗೆ ಹೊರೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಗೆ ಮೆತ್ತನೆಯ ಹತ್ತಿ. ಬೆಂಗಳೂರಿನ ಡಿಸೆಂಬರಿಗೆ ಹತ್ತಿ ಮತ್ತು ಅಕ್ರಿಲಿಕ್ ಬೆರಕೆ ಅಥವಾ ಮೆತ್ತನೆಯ ಬೇಬಿ ಅಕ್ರಿಲಿಕ್. ಮಡಿಕೇರಿಯ ಚಳಿಗೆ ಸೂಪರ್‌ವಾಷ್ ಮೆರಿನೊ ಸಿಕ್ಕಿದರೆ ಬಹಳ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಹತ್ತಿ ದಿನಗಟ್ಟಲೆ ಒಣಗದೆ ಬೂಸ್ಟು ಹಿಡಿಯುತ್ತದೆ. ಬೇಗ ಒಣಗುವ ಅಕ್ರಿಲಿಕ್ಕಿಗೆ ಅಲ್ಲಿ ನಿಜವಾದ ಬೆಲೆ ಇದೆ. ಉಣ್ಣೆಯನ್ನು ತೆಗೆದಿಡುವಾಗ ಚೆನ್ನಾಗಿ ಒಗೆದು, ಒಣಗಿಸಿ, ಮುಚ್ಚಿದ ಚೀಲದಲ್ಲಿ ಇಡಿ: ಬೆವರಿನ ಅಂಶವಿರುವ ಉಣ್ಣೆಯೇ ಹುಳುಗಳಿಗೆ ಹೆಚ್ಚು ಪ್ರಿಯ.

ಹಳೆಯ ಸ್ವೆಟರ್ ಬಿಚ್ಚಿ ಅದೇ ನೂಲಿನಲ್ಲಿ ಕಲಿಯುವುದು ನಮ್ಮ ಮನೆಗಳ ಹಳೆಯ ಪದ್ಧತಿ. ದುಡ್ಡೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ. ಆದರೆ ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಒಂದೂ ಸಮವಾಗಿ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೇತುಹಾಕಿ ಒಣಗಿಸಿದರೆ ಉಣ್ಣೆಯ ಗುಂಗುರು ಬಹುಮಟ್ಟಿಗೆ ಹೋಗುತ್ತದೆ. ಅಕ್ರಿಲಿಕ್ಕಿನಲ್ಲಿ ಅಷ್ಟು ಹೋಗುವುದಿಲ್ಲ.

ಹಾಗಾದರೆ ನಾಳೆ ಅಂಗಡಿಗೆ ಹೋಗಿ ಏನು ಕೇಳಬೇಕು? ಕಡ್ಡಿಯ ಹೆಣಿಗೆಗೆ: ತಿಳಿ ಬಣ್ಣದ, ನಯವಾದ, ಬಿಗಿ ಹುರಿಯ, ಮಧ್ಯಮ ದಪ್ಪದ ಅಕ್ರಿಲಿಕ್ ಅಥವಾ ಉಣ್ಣೆ ಬೆರೆತ ಅಕ್ರಿಲಿಕ್ 100 ಗ್ರಾಂ, ಜೊತೆಗೆ ನೂಲಿಗೆ ತಕ್ಕ 4 ಅಥವಾ 5 ಮಿ.ಮೀ. ಕಡ್ಡಿ. ಬಿದಿರು ಅಥವಾ ಮರದ ಕಡ್ಡಿ ಸಿಕ್ಕರೆ ಅದನ್ನೇ ಕೊಳ್ಳಿ, ಲೋಹದ ಕಡ್ಡಿಯಲ್ಲಿ ಕುಣಿಕೆ ಬೇಗ ಜಾರುತ್ತದೆ. ಕ್ರೋಶಾಕ್ಕೆ: ಅದೇ ದಪ್ಪದ ಹತ್ತಿ ಅಥವಾ ಹತ್ತಿ ಬೆರಕೆಯ ನೂಲು, ನೂಲಿಗೆ ತಕ್ಕಂತೆ 4.5ರಿಂದ 6 ಮಿ.ಮೀ. ಕೊಕ್ಕೆ.

ಮನೆಗೆ ತಂದ ಮೇಲೆ 28 ಕುಣಿಕೆ ಹಾಕಿ, ಒಂದು ಚೌಕ ಆಗುವವರೆಗೆ ಸೀದಾ ಹೆಣೆದು ಮುಗಿಸಿ. ಮುಂದೆ ಹಾಕಿಕೊಳ್ಳುವ ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಆ ಚೌಕವನ್ನು ಒಗೆದು, ಹರಡಿ ಒಣಗಿಸಿ. ನಂತರ ಅಂಚಿನ ಕುಣಿಕೆಗಳನ್ನು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇವೆ ಎಂದು ಎಣಿಸಿ. ಲೇಬಲ್ ಅಥವಾ ಮಾದರಿ ಹೇಳಿದ್ದಕ್ಕಿಂತ ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, ಅರ್ಧ ಮಿ.ಮೀ. ದಪ್ಪದ ಕಡ್ಡಿಗೆ ಹೋಗಿ. ಕಡಿಮೆ ಬಂದರೆ ಸಣ್ಣ ಕಡ್ಡಿಗೆ. ಎಣಿಸಿದ ಸಂಖ್ಯೆಯನ್ನು ಲೇಬಲ್ಲಿನ ಹಿಂದೆ ಬರೆದು, ಲೇಬಲ್ಲನ್ನು ಆ ಚೌಕಕ್ಕೇ ಪಿನ್ ಮಾಡಿಡಿ. ಇನ್ನೊಂದು ಉಂಡೆ ಬೇಕಾದಾಗ ಅಂಗಡಿಯವರಿಗೆ ತೋರಿಸಲು ಬಣ್ಣದ ಸಂಖ್ಯೆಯೂ ಲಾಟ್ ಸಂಖ್ಯೆಯೂ ಕೈಯಲ್ಲಿರುತ್ತವೆ.